ಬೀಟೆಯೊಳಗೆ ಹಲಸು, ಹಲಸಿನೊಳಗೆ ಸಂಪಿಗೆ

ಮೈಸೂರಿನ ಇನ್ಲೇ ಚಿತ್ರ ನೋಡಿದವರಲ್ಲಿ ಅನೇಕರು ಮೊದಲು ಕೇಳುವುದು, ‘ಇದಕ್ಕೆ ಯಾವ ಪೇಂಟ್ ಹಚ್ಚಿದ್ದೀರಿ?’ ಎಂದು. ಜಂಬೂಸವಾರಿಯ ಆನೆಯ ಮೈ ಬೀಟೆ ಮರದ್ದು, ಅಂಬಾರಿಯ ಹೊಂಬಣ್ಣ ಹಲಸಿನದು, ಹಿಂದಿನ ಮರಗಿಡಗಳಲ್ಲಿ ಇಣುಕುವ ಮಾಸಲು ಹಸಿರು ಸಂಪಿಗೆಯದು. ಅಲ್ಲಿ ಪೇಂಟ್ ಇಲ್ಲವೇ ಇಲ್ಲ, ಒಂದು ಮರದೊಳಗೆ ಇನ್ನೊಂದು ಮರ ಕೂರಿಸಿದ್ದಷ್ಟೇ. ಬಿಳುಪಿಗೆ ರಬ್ಬರ್ ಮರ, ಕೆಂಪಿಗೆ ರೆಡ್ ಸೀಡರ್, ನಸುಕಂದಿಗೆ ತೇಗ ಅಥವಾ ಮಾವು. ಒಂದು ಮಧ್ಯಮ ಅಳತೆಯ ಚಿತ್ರದಲ್ಲಿ ನೂರಾರು ತುಂಡುಗಳಿರುತ್ತವೆ. ಎರಡು ತುಂಡುಗಳ ನಡುವೆ ಉಗುರು ಆಡಿಸಿದರೂ ಸಂದು ಸಿಗಬಾರದು.

ಆ ಸಂದು ಸಿಗದಂತೆ ಕತ್ತರಿಸುವ ಗರಗಸವನ್ನು ನೋಡಬೇಕೆಂದೇ ನಾನು ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಹೋದದ್ದು. ಚಿತ್ರಗಳ ಬಗ್ಗೆ, ಅರಮನೆಯ ವೈಭವದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಗರಗಸದ ಬಗ್ಗೆ ಬರೆದವರು ಕಡಿಮೆ.

ಮಂಡಿ ಮೊಹಲ್ಲಾದ ಓಣಿಯೊಂದರಲ್ಲಿ ಎಲ್ಲರೂ ‘ಭಾಯ್’ ಎಂದು ಕರೆಯುವ ಹಿರಿಯರೊಬ್ಬರ ಕಾರ್ಖಾನೆಯಿದೆ. ಕಾರ್ಖಾನೆ ಅಂದರೆ ಒಂದು ಉದ್ದನೆಯ ಕೋಣೆ, ಎರಡು ಟ್ಯೂಬ್‌ಲೈಟು, ಗೋಡೆಗೆ ಒರಗಿಸಿದ ಮರದ ಹಾಳೆಗಳು, ನೆಲದ ತುಂಬ ಹೊಟ್ಟು. ಕಿಟಕಿಯ ಪಕ್ಕ ಮೋಟಾರಿನ ಗರಗಸ. ಮೇಲೊಂದು ತೋಳು, ಕೆಳಗೊಂದು ತೋಳು, ನಡುವೆ ನೆಟ್ಟಗೆ ಬಿಗಿದ ಬ್ಲೇಡು. ಮೋಟಾರು ಶುರುವಾದರೆ ಬ್ಲೇಡು ಇದ್ದಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ. ಬೇರೆ ದೇಶಗಳಲ್ಲಿ ಇದಕ್ಕೆ ಸ್ಕ್ರೋಲ್ ಸಾ ಎನ್ನುತ್ತಾರೆ. ಇಲ್ಲಿ ಬರೀ ‘ಮಷೀನು’. ಅದರ ಹಿರಿಯಣ್ಣ, ಕೈಯಲ್ಲಿ ಹಿಡಿಯುವ ಕಮಾನಿನಾಕಾರದ ಫ್ರೆಟ್ ಸಾ, ಮೊಳೆಗೆ ನೇತುಬಿದ್ದಿತ್ತು. ಕರೆಂಟು ಹೋದಾಗ ಅದೇ ಗತಿ. ಆನೆಯ ಕಣ್ಣು, ಹೆಣ್ಣಿನ ಮೂಗುತಿಯಂಥ ತೀರ ಸಣ್ಣ ಕೆಲಸಕ್ಕೆ ಭಾಯ್ ಈಗಲೂ ಮಷೀನನ್ನು ನಂಬುವುದಿಲ್ಲ.

ಬ್ಲೇಡಿನ ಉದ್ದ ಐದು ಇಂಚು. ತೆಳುವಾದ ಕೆಲಸಕ್ಕೆ ಬಳಸುವ ಬ್ಲೇಡಿನ ಅಗಲ ಸುಮಾರು ಅರ್ಧ ಮಿಲಿಮೀಟರ್, ದಪ್ಪ ಅದರಲ್ಲೂ ಅರ್ಧ. ಅಂಗಡಿಯಲ್ಲಿ ಇದನ್ನು ನಂಬರಿನ ಮೇಲೆ ಕೇಳಬೇಕು. ನಂಬರು ಏರಿದಂತೆ ಬ್ಲೇಡು ದಪ್ಪ, ಹಲ್ಲು ಒರಟು. ಒಂದಕ್ಕಿಂತ ಕೆಳಗೆ ಸೊನ್ನೆ, ಎರಡು ಸೊನ್ನೆ ಹೀಗೆ ಇಳಿಯುತ್ತ ಹೋಗುತ್ತದೆ. ಹಲ್ಲು ಯಾವಾಗಲೂ ಕೆಳಮುಖವಾಗಿರಬೇಕು. ಹೊಸಬರು ತಲೆಕೆಳಗಾಗಿ ಸಿಕ್ಕಿಸಿ, ಮರ ಕೈಯಿಂದ ಎಗರಿ ಎಗರಿ ಬೀಳುವುದನ್ನು ಕಂಡು ಗಾಬರಿಯಾಗುವುದುಂಟು. ಕೊನೆಯ ಕೆಲವು ಹಲ್ಲುಗಳು ಮಾತ್ರ ಮೇಲ್ಮುಖವಾಗಿರುವ ಬ್ಲೇಡುಗಳೂ ಇವೆ. ಅವು ಹಾಳೆಯ ಅಡಿಭಾಗದಲ್ಲಿ ನಾರು ಸಿಬಿರೇಳದಂತೆ ನೋಡಿಕೊಳ್ಳುತ್ತವೆ.

ಬ್ಲೇಡು ಬಿಗಿದ ಮೇಲೆ ಭಾಯ್ ಅದನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟರು. “ಟಿಣ್ ಅನ್ಬೇಕು ಸಾರ್. ದಬ್ ಅಂದ್ರೆ ಸಡಿಲ ಇದೆ ಅಂತ. ಸಡಿಲ ಬ್ಲೇಡು ತನ್ನ ಇಷ್ಟ ಬಂದ ಕಡೆ ಹೋಗ್ತದೆ.” ಬಿಗಿ ಮಾಡಿದರೂ ಅದು ಸ್ವಲ್ಪ ತನ್ನಿಷ್ಟದಂತೆಯೇ ಹೋಗುತ್ತದೆ. ಉಕ್ಕಿನ ಪಟ್ಟಿಯನ್ನು ಒತ್ತಿ ಹಲ್ಲು ಕೊರೆಯುವಾಗ ಒಂದು ಬದಿಗೆ ಸಣ್ಣ ಜುಂಗು ಉಳಿಯುತ್ತದೆ, ಆ ಬದಿ ಹೆಚ್ಚು ಕೊಯ್ಯುತ್ತದೆ. ಅದಕ್ಕೇ ಮರವನ್ನು ನೇರ ತಳ್ಳಿದರೆ ಗೆರೆ ಓರೆಯಾಗುತ್ತದೆ. ಕೊಂಚ ಓರೆಯಾಗಿ ತಳ್ಳಿದರೆ ನೇರವಾಗುತ್ತದೆ. ಎಷ್ಟು ಓರೆ ಎಂದು ಕೇಳಿದೆ. ಭಾಯ್ ಉತ್ತರಿಸಲಿಲ್ಲ, ಕುರ್ಚಿ ಬಿಟ್ಟುಕೊಟ್ಟರು. ನಾನು ಕತ್ತರಿಸಿದ ಎಲೆ ಯಾವ ಮರದ್ದೆಂದು ಸಸ್ಯಶಾಸ್ತ್ರಜ್ಞರೂ ಹೇಳಲಾರರು.

“ಗರಗಸ ತಿರುಗಲ್ಲ, ಮರ ತಿರುಗ್ಬೇಕು,” ಎಂದು ಅವರು ಮತ್ತೆ ಕೂತರು. ಎರಡೂ ಕೈಯ ತೋರುಬೆರಳು ಹಾಳೆಯನ್ನು ಮೇಜಿಗೆ ಒತ್ತಿ ಹಿಡಿದಿವೆ, ಹೆಬ್ಬೆರಳುಗಳು ಅದನ್ನು ತಿರುಗಿಸುತ್ತಿವೆ. ಚೂಪು ಮೂಲೆ ಬಂದಾಗ ತಳ್ಳುವುದು ನಿಲ್ಲುತ್ತದೆ, ಬ್ಲೇಡು ಮಾತ್ರ ಆಡುತ್ತಿರುತ್ತದೆ, ಹಾಳೆ ಅದರ ಸುತ್ತ ಒಂದು ಸುತ್ತು ಹಾಕಿ ಹೊಸ ದಿಕ್ಕಿಗೆ ಹೊರಡುತ್ತದೆ. ಮಧ್ಯದ ತುಂಡು ತೆಗೆಯಬೇಕಾದರೆ ಮೊದಲು ಸಣ್ಣ ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ, ತೂತಿನೊಳಗೆ ತೂರಿಸಿ ಮತ್ತೆ ಬಿಗಿಯಬೇಕು. ಜಾಲಂಧ್ರದ ಒಂದು ಚೌಕಟ್ಟಿಗೆ ಹೀಗೆ ಎಷ್ಟು ಸಲ ಬಿಚ್ಚಿ ಬಿಗಿಯುತ್ತಾರೋ, ಕೊಳ್ಳುವವರಿಗೆ ಅದರ ಲೆಕ್ಕ ಗೊತ್ತಾಗುವುದಿಲ್ಲ.

ಸಂದಿನ ವಿಷಯಕ್ಕೆ ಬರೋಣ. ಎಷ್ಟೇ ತೆಳುವಾದ ಬ್ಲೇಡಾದರೂ ತನ್ನ ದಪ್ಪದಷ್ಟು ಮರವನ್ನು ತಿಂದೇ ತಿನ್ನುತ್ತದೆ. ಎರಡು ಮರಗಳ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸಿದರೆ, ಮೇಲಿನದರ ಹೂವು ಕೆಳಗಿನದರ ಗುಳಿಯಲ್ಲಿ ಕೂರುತ್ತದೆ, ಆದರೆ ಸುತ್ತಲೂ ಕೂದಲೆಳೆಯ ಸಂದು ಉಳಿಯುತ್ತದೆ. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಕಾಲದ ಆಂದ್ರೆ ಶಾರ್ಲ್ ಬೂಲ್ ಹಿತ್ತಾಳೆ ಮತ್ತು ಆಮೆಚಿಪ್ಪನ್ನು ಹೀಗೆ ಜೋಡಿಯಾಗಿ ಕತ್ತರಿಸಿ, ಒಂದೇ ಕತ್ತರಿಕೆಯಿಂದ ಅದಲುಬದಲಾದ ಎರಡು ಅಲಂಕಾರ ತೆಗೆಯುತ್ತಿದ್ದ. ಜಾಣತನ ಹೌದು. ಸಂದೇ ಬೇಡ ಎನ್ನುವವರು ಮಷೀನಿನ ಮೇಜನ್ನು ಓರೆ ಮಾಡುತ್ತಾರೆ. ಅಂಚು ಇಳಿಜಾರಾಗಿ ಕೊಯ್ದಾಗ ಮೇಲಿನ ತುಂಡು ಕೆಳಗಿನ ಗುಳಿಯೊಳಗೆ ಬಿರಡೆಯಂತೆ ಬಿಗಿದು ಕೂರುತ್ತದೆ. ಬ್ಲೇಡು ತಿನ್ನುವುದು ಕಾಲು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ಹಾಳೆಯ ದಪ್ಪ ಮೂರು ಮಿಲಿಮೀಟರ್ ಎಂದಾದರೆ ಐದಾರು ಡಿಗ್ರಿ ಓರೆ ಸಾಕು. ಒಂದೇ ಷರತ್ತೆಂದರೆ ಶುರುವಿನಿಂದ ಕೊನೆಯವರೆಗೆ ಒಂದೇ ದಿಕ್ಕಿಗೆ ಸುತ್ತಬೇಕು. ನಡುವೆ ದಿಕ್ಕು ಬದಲಿಸಿದರೆ ಇಳಿಜಾರು ತಿರುವುಮುರುವಾಗಿ ಸಂದು ಇಮ್ಮಡಿಯಾಗುತ್ತದೆ. ಭಾಯ್ ಅವರದು ಹಳೆಯ ಪದ್ಧತಿ: ತುಂಡನ್ನು ಗೆರೆಯ ಹೊರಗೆ ಕತ್ತರಿಸುವುದು, ಗುಳಿಯನ್ನು ಗೆರೆಯ ಒಳಗೆ ಕೊರೆಯುವುದು, ಉಳಿದದ್ದನ್ನು ಅರ ಹಾಕಿ ಉಜ್ಜಿ ಕೂರಿಸುವುದು. ನಿಧಾನ. ಸಂದು ಮಾತ್ರ ನನಗೆ ಸಿಗಲಿಲ್ಲ.

ಕಲೆಯ ಹುಟ್ಟಿನ ಬಗ್ಗೆ ಕೇಳಿದರೆ ಭಾಯ್ ಕೈ ಪಶ್ಚಿಮಕ್ಕೆ ತೋರಿಸಿ ‘ಇರಾನು’ ಎನ್ನುತ್ತಾರೆ. ಅವರ ಅಜ್ಜನಿಗೆ ಅವರಜ್ಜ ಹೇಳಿದ್ದಂತೆ. ಕಣ್ಣಿಗೆ ಕಾಣುವ ಹಳೆಯ ಮಾದರಿ ಬೇಕೆಂದರೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗಬೇಕು. ಅಲ್ಲಿನ ದಂತ ಕೂರಿಸಿದ ಬಾಗಿಲುಗಳು ಲಾರ್ಡ್ ಡಾಲ್‌ಹೌಸಿ ಕೊಡುಗೆಯಾಗಿ ಮಾಡಿಸಿಕೊಟ್ಟವು. ಟಿಪ್ಪುವಿನ ಗೋರಿಗೆ ಬ್ರಿಟಿಷ್ ಗವರ್ನರ್ ಜನರಲ್ ಬಾಗಿಲು ಮಾಡಿಸಿದ್ದು ಇತಿಹಾಸದ ಚೇಷ್ಟೆಯೇ ಸರಿ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಅಂಬಾವಿಲಾಸಕ್ಕೆ ಹೋಗುವ ಬೀಟೆ ಬಾಗಿಲಿನಲ್ಲೂ ದಂತದ ಕುಸುರಿಯಿದೆ. ಪ್ರವಾಸಿಗರು ಒಳಗಿನ ಚಾವಣಿ ನೋಡುವ ಅವಸರದಲ್ಲಿ ಅದನ್ನು ದಾಟಿಬಿಡುತ್ತಾರೆ. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ಟೆಕ್ನಿಕಲ್ ಇನ್ಸ್ಟಿಟ್ಯೂಟ್ ಮರಗೆಲಸವನ್ನು ತರಗತಿಗೆ ತಂದಿತು. 2005–06ರಲ್ಲಿ ‘ಮೈಸೂರು ರೋಸ್‌ವುಡ್ ಇನ್ಲೇ’ಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು. ಇಷ್ಟು ಸಾಕು.

ದಂತದ ಕಥೆ ಮಾತ್ರ ಹೇಳಲೇಬೇಕು. ವನ್ಯಜೀವಿ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತೀಯ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರದು ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ಅದು ಆಗಬೇಕಾದದ್ದೇ. ಅಚ್ಚಬಿಳುಪಿನ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಪ್ಲಾಸ್ಟಿಕ್ ಬಿಳಿಯನ್ನು ಸಹಿಸದವರು ನಾನಾ ಮರಗಳ ತಿಳಿಬಣ್ಣಗಳಿಗೆ ಹೆಚ್ಚು ಹೊರಳಿದರು. ನನ್ನ ಮಟ್ಟಿಗೆ ಕಲೆ ಚೆಲುವಾದದ್ದು ಆಗಲೇ. ಕಪ್ಪು–ಬಿಳುಪಿನ ಅಲಂಕಾರವಾಗಿದ್ದದ್ದು ಮರದ ಎಳೆಗಳನ್ನೇ ಓದುವ ಕೆಲಸವಾಯಿತು. ಅಲೆಯಲೆಯಾದ ಎಳೆಯಿರುವ ತೇಗದ ಚೂರು ಕೆರೆಯ ನೀರಾಗುತ್ತದೆ. ಸಿಲ್ವರ್ ಓಕಿನ ಚುಕ್ಕೆಗಳು ಮಣ್ಣಿನ ಗೋಡೆಯಾಗುತ್ತವೆ. ಬೀಟೆಯ ತಿರುಳಿಗೂ ಹೊರಮರಕ್ಕೂ ಇರುವ ಬಣ್ಣದ ಗಡಿಯಲ್ಲಿ ಬೆಟ್ಟದ ಸಾಲು ಮೂಡುತ್ತದೆ. ನಕ್ಷೆಯ ಜೆರಾಕ್ಸ್ ಪ್ರತಿಯಿಂದ ಒಂದೊಂದೇ ಚೂರು ಕತ್ತರಿಸಿ ಆಯಾ ಮರಕ್ಕೆ ಅಂಟಿಸುವಾಗ, ಪ್ರತಿ ಚೂರಿನ ಮೇಲೂ ಒಂದು ನಂಬರು, ಒಂದು ಬಾಣದ ಗುರುತು. ಎಳೆ ಯಾವ ಕಡೆ ಹರಿಯಬೇಕು ಎನ್ನುವುದಕ್ಕೆ ಆ ಬಾಣ.

ಫೆವಿಕಾಲ್ ಹಾಕಿ ಅಂಟಿಸುವುದು, ಕಲ್ಲಿನ ಭಾರ ಹೇರುವುದು ಯಾರಾದರೂ ಊಹಿಸಬಹುದಾದದ್ದು. ಉಪ್ಪುಕಾಗದದ ಹಂತ ಹಾಗಲ್ಲ. ಬೀಟೆಯ ನೇರಳೆಗಪ್ಪು ಹೊಟ್ಟು ಪಕ್ಕದ ಬಿಳಿ ಮರದ ರಂಧ್ರಗಳಿಗೆ ಇಳಿದರೆ ನಾಯಕಿಯ ಕೆನ್ನೆ ಮಾಸಿಹೋಗುತ್ತದೆ. ಅದಕ್ಕೆ ಉಜ್ಜುವ ಮೊದಲೇ ತೆಳು ಅರಗಿನ ಒಂದು ಕೈ ಬಳಿದು ರಂಧ್ರ ಮುಚ್ಚಬೇಕು, ಇಲ್ಲವೇ ಚೂಪಾದ ಉಕ್ಕಿನ ತಗಡಿನಿಂದ ಹೆರೆಯಬೇಕು. ಈ ಹೊಟ್ಟು ಮನುಷ್ಯರ ಮೇಲೂ ಹಟ ಸಾಧಿಸುತ್ತದೆ. ಬೀಟೆಯಲ್ಲಿರುವ ರಾಸಾಯನಿಕಗಳು ಕೆಲವರ ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ ತರುತ್ತವೆ. ಕೋಣೆಯಲ್ಲಿದ್ದ ಹುಡುಗರಲ್ಲಿ ಒಬ್ಬನ ಮುಖಕ್ಕೂ ಮಾಸ್ಕ್ ಇರಲಿಲ್ಲ. ಕರಕುಶಲದ ಹೆಮ್ಮೆಯ ಭಾಷಣ ಮಾಡುವವರು ಮೊದಲು ಹೊಟ್ಟು ಹೀರುವ ಒಂದೊಂದು ಫ್ಯಾನು ಕೊಡಿಸಬಾರದೇ?

ಪಾಲಿಶ್ ಎಂದರೆ ಚಪಡಾ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯೊಳಗೆ ಹತ್ತಿಯ ಉಂಡೆ ಕಟ್ಟಿ, ಒಂದು ಹನಿ ಎಣ್ಣೆ ಮುಟ್ಟಿಸಿ ಸುತ್ತು ಸುತ್ತಾಗಿ ಎಳೆಯುವುದು. ಕೈ ನಿಂತರೆ ಅಲ್ಲೇ ಅಂಟುತ್ತದೆ. ಮಳೆಗಾಲದ ತೇವದಲ್ಲಿ ಮಾಡಿದರೆ ಬಿಳಿ ಮಂಜು ಕವಿದು ಹೊಳಪು ಸಾಯುತ್ತದೆ, ಬಿಸಿಲಿಗೆ ಕಾಯಬೇಕು. ಆತುರದ ಆರ್ಡರುಗಳಿಗೆ ಮೆಲಮೈನ್ ಸ್ಪ್ರೇ ಬಂದಿದೆ. ಬಿಸಿ ಕಾಫಿ ಲೋಟ ಇಡುವ ತಟ್ಟೆ, ಮೇಜಿಗೆ ಅದೇ ಸರಿ. ಅರಗು ಬಿಸಿಯನ್ನು ತಾಳುವುದಿಲ್ಲ. ಗೋಡೆಯ ಚಿತ್ರಕ್ಕೆ ಮಾತ್ರ ಅರಗೇ ಇರಲಿ ಎನ್ನುವ ಪಕ್ಷ ನನ್ನದು. ಗೀರು ಬಿದ್ದರೆ ಸ್ಪಿರಿಟ್ ಒರೆಸಿ ಮತ್ತೆ ಹಚ್ಚಬಹುದು. ಮೆಲಮೈನ್ ಸುಲಿದರೆ ಪೂರ್ತಿ ಕೆರೆಯಬೇಕು, ಅಷ್ಟು ಕೆರೆಯುವಷ್ಟರಲ್ಲಿ ತೆಳುವಾದ ಹಾಳೆಯೇ ಸವೆದುಹೋಗಬಹುದು.

ಯಾವ ಪಾಲಿಶ್ ಹಾಕಿದರೂ ಬೆಳಕನ್ನು ತಡೆಯಲಾಗದು. ಹೊಸದರಲ್ಲಿ ಝಗಮಗಿಸುವ ಹಲಸಿನ ಹಳದಿ ವರ್ಷ ಕಳೆದಂತೆ ಕಂದುಗೆಂಪಾಗುತ್ತದೆ; ಬೀಟೆಯ ನೇರಳೆ ತಿಳಿಯಾಗುತ್ತದೆ. ಹತ್ತಿಪ್ಪತ್ತು ವರ್ಷದ ಹಿಂದಿನ ಚಿತ್ರ ತಂದು ‘ಬಣ್ಣ ಹೋಗಿದೆ’ ಎಂದು ಜಗಳ ಆಡುವವರಿದ್ದಾರಂತೆ. ಅಂಥವರಿಗೆ ಭಾಯ್ ಹೇಳುವುದಿಷ್ಟೇ: “ನಿಮ್ಮ ಕೂದ್ಲು ಹೋಗಿಲ್ವಾ?”

ಲೇಸರ್ ಯಂತ್ರಗಳು ಬಂದಿವೆ. ನೂರು ಆನೆ ಬೇಕೆಂದರೆ ನೂರೂ ಒಂದೇ ಅಳತೆ. ಲೇಸರ್ ಮರವನ್ನು ಕೊಯ್ಯುವುದು ಸುಡುತ್ತ, ಹಾಗಾಗಿ ಅಂಚು ಕಪ್ಪಾಗುತ್ತದೆ. ತಿಳಿಬಣ್ಣದ ಎರಡು ಚೂರುಗಳು ಸೇರುವಲ್ಲಿ ಕರಿಗೆರೆ ಎದ್ದು ಕಾಣುತ್ತದೆ. ಗರಗಸದ ಕೆಲಸ ಹೌದೋ ಅಲ್ಲವೋ ತಿಳಿಯಬೇಕೆಂದರೆ ಕೊಳ್ಳುವಾಗ ಬಿಳಿ ಪಕ್ಕದ ಬಿಳಿಯನ್ನು ನೋಡಿ. ಅಂದವೆಂದು ಆ ಗೆರೆಯನ್ನೇ ಇಷ್ಟಪಡುವವರೂ ಇದ್ದಾರೆ, ಅವರ ಕೂಡ ನನ್ನ ವಾದವಿಲ್ಲ. ದರ ಮಾತ್ರ ಎರಡಕ್ಕೂ ಒಂದೇ ಕಟ್ಟುತ್ತಾರಲ್ಲ, ತಕರಾರಿರುವುದು ಅಲ್ಲಿ.

ಯಂತ್ರಕ್ಕಿಂತ ದೊಡ್ಡ ಚಿಂತೆ ಮರದ್ದು. ಬೀಟೆ ಕೊಡಗು, ಮಲೆನಾಡು, ನೀಲಗಿರಿಯ ಕಾಡಿನ ಮರ, ಬೆಳವಣಿಗೆ ಬಲು ನಿಧಾನ. ಸ್ವಂತ ತೋಟದ ಬೀಟೆ ಕಡಿಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. 2017ರ ಜನವರಿಯಿಂದ ಆ ಕುಲದ ಬಹುತೇಕ ಎಲ್ಲ ಮರಗಳೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ರಫ್ತಿಗೆ ಕಾಗದಪತ್ರ ಹೆಚ್ಚಿವೆ. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಡಿಪೊ ಹರಾಜಿನಲ್ಲಿ ಇಡೀ ದಿಮ್ಮಿ ಕೂಗುವವರು ಪೀಠೋಪಕರಣದ ದೊಡ್ಡ ವ್ಯಾಪಾರಿಗಳು. ಇನ್ಲೇಗೆ ಬೇಕಾದದ್ದು ಅಂಗೈಯಗಲದ ಹಾಳೆ. ಕೊಂಬೆ, ಬುಡ, ಸೀಳಿದ ತುಂಡುಗಳನ್ನು ಕಿಲೋ ಲೆಕ್ಕದಲ್ಲಿ ಗುರುತಿನ ಚೀಟಿ ಇರುವ ಕುಶಲಕರ್ಮಿಗಳಿಗೆ ಕೊಟ್ಟರೆ ಒಂದು ಮರವನ್ನೂ ಹೆಚ್ಚಿಗೆ ಕಡಿಯಬೇಕಿಲ್ಲ.

ಅಲ್ಲಿಯತನಕ ಭಾಯ್ ಹಳೆಯ ಮನೆಗಳನ್ನು ಕೆಡವುವ ಜಾಗಗಳಲ್ಲಿ ಅಲೆಯುತ್ತಾರೆ. ಮುರಿದ ತೊಟ್ಟಿಲು, ಕಿಟಕಿಯ ಚೌಕಟ್ಟು, ಯಾರಿಗೂ ಬೇಡವಾದ ಕಪಾಟು. ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ, ಮಷೀನಿನ ಮುಂದೆ ಕೂರುವ ಹುಡುಗರು ವರ್ಷಕ್ಕೊಬ್ಬರಂತೆ ಬದಲಾಗುತ್ತಾರೆ. ಹೊರಟವರನ್ನು ಬಾಗಿಲವರೆಗೆ ಬಂದು ಬೀಳ್ಕೊಡುತ್ತ ಅವರು ಕೇಳಿದ್ದು ಲೇಖನ ಯಾವಾಗ ಬರುತ್ತದೆ ಎಂದಲ್ಲ. “ನಿಮ್ಮ ಕಡೆ ಯಾರ ಮನೇಲಾದ್ರೂ ಹಳೇ ಮಂಚ ಇದ್ರೆ ಹೇಳಿ ಸಾರ್. ಕಾಲು ಬೀಟೆದಾಗಿದ್ರೆ ನಾನೇ ಬಸ್ ಹತ್ತಿ ಬರ್ತೀನಿ.”