ಜೊತೆಗೇ ಬೀಳುವ ನೀರು

ಬೆಳಗಿನ ಆರೂವರೆ. ಬಸವನಗುಡಿಯ ಯಾವುದಾದರೂ ದರ್ಶಿನಿಯ ಕಾಫಿ ಕೌಂಟರ್ ಮುಂದೆ ಹೋಗಿ ನಿಲ್ಲಿ. ದೊಡ್ಡ ಫಿಲ್ಟರಿನೊಳಗೆ ಪುಡಿಯ ಮೇಲೆ ಹೊಯ್ದ ಬಿಸಿನೀರು ತಳದ ತೂತುಗಳಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿರುತ್ತದೆ. ಅದನ್ನು ಒತ್ತುವವರಿಲ್ಲ, ಹಿಂಡುವವರಿಲ್ಲ. ಭೂಮಿ ಎಳೆಯುತ್ತದೆ, ಡಿಕಾಕ್ಷನ್ ಇಳಿಯುತ್ತದೆ. ಅವಸರ ಮಾಡಿದರೆ ತೆಳ್ಳಗಾಗುತ್ತದೆ ಎಂಬುದು ಕಾಫಿ ಬೆರೆಸುವವನಿಗೂ ಗೊತ್ತು, ಕಾಯುತ್ತಿರುವ ನಮಗೂ ಗೊತ್ತು.

ಈಗ ಅವನ ಕೈ ನೋಡಿ. ಬಲಗೈಯ ಲೋಟ ತಲೆಯ ಮಟ್ಟಕ್ಕೆ ಏರುತ್ತದೆ, ಎಡಗೈಯ ಬಟ್ಟಲು ಸೊಂಟದಿಂದ ಕೆಳಗಿಳಿಯುತ್ತದೆ, ನಡುವೆ ಕಂದು ಬಣ್ಣದ ಧಾರೆ. ಲೋಟದ ಅಂಚಿನಲ್ಲಿ ದಪ್ಪಗಿದ್ದ ಧಾರೆ ಬಟ್ಟಲು ಮುಟ್ಟುವಷ್ಟರಲ್ಲಿ ಸಣಕಲಾಗಿರುತ್ತದೆ. ಒಂದು ಮೀಟರ್ ಬೀಳುವಷ್ಟರಲ್ಲಿ ಕಾಫಿಗೆ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗ ಬಂದಿರುತ್ತದೆ. ಮೇಲೆ ನಿಧಾನವಾಗಿ ಹೊರಟಷ್ಟೇ ಕಾಫಿ ಕೆಳಗೆ ಬಿರುಸಾಗಿ ಹಾಯಬೇಕಲ್ಲ, ಅದಕ್ಕೆ ಮೈ ಕಿರಿದು ಮಾಡಿಕೊಳ್ಳುತ್ತದೆ. ಬಟ್ಟಲಿನಲ್ಲಿ ಏಳುವ ನೊರೆಯೂ ಭೂಮಿಯ ಲೆಕ್ಕದ್ದೇ. ಕಾಫಿ ಭಾರ, ಗಾಳಿ ಹಗುರ. ಭಾರದ್ದು ಕೆಳಗೆ ಕೂರುವುದರಿಂದಲೇ ಗುಳ್ಳೆ ಮೇಲೆ ಬರುತ್ತದೆ.

ಆದರೆ ಆ ಲೋಟದಲ್ಲಿ ಎರಡನೆಯ ಬಲವೊಂದು ಸದಾ ಇರುತ್ತದೆ: ಮೇಲ್ಮೈ ಎಳೆತ. ಪ್ರತಿ ದ್ರವವೂ ತನ್ನ ಹೊರಮೈಯನ್ನು ಆದಷ್ಟು ಕುಗ್ಗಿಸಿಕೊಳ್ಳಲು ನೋಡುತ್ತದೆ. ಇನ್ನಷ್ಟು ಎತ್ತರದಿಂದ ಸುರಿದರೆ ಧಾರೆ ಹನಿಹನಿಯಾಗಿ ಕಡಿಯುವುದು ಇದರಿಂದಲೇ. ಮಳೆ ನಿಂತ ಮೇಲೆ ಮಲೆನಾಡಿನ ಹಿತ್ತಿಲಲ್ಲಿ ಕೆಸುವಿನ ಎಲೆಯ ಮೇಲೆ ಬಗ್ಗಿ ನೋಡಿದರೆ ಎರಡೂ ಬಲಗಳ ಹಗ್ಗಜಗ್ಗಾಟ ಕಾಣುತ್ತದೆ. ಸಾಸಿವೆಯಷ್ಟು ಹನಿ ಪೂರ್ತಿ ಗುಂಡಗಿದೆ. ನಾಲ್ಕು ಹನಿ ಕೂಡಿ ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗುತ್ತದೆ. ನೀರಿನ ಮಟ್ಟಿಗೆ ಈ ಗಡಿ ಸುಮಾರು 2.7 ಮಿಲಿಮೀಟರ್. ಅದಕ್ಕಿಂತ ಕಿರಿದಾದಲ್ಲಿ ಮೇಲ್ಮೈ ಎಳೆತದ ಮಾತು ನಡೆಯುತ್ತದೆ, ಹಿರಿದಾದಲ್ಲಿ ಭೂಮಿಯದು. ಕೊಡ, ಬಾವಿ, ಕೆರೆ, ಹೊಳೆ ಎಲ್ಲ ಭೂಮಿಯ ಪಾಲಿಗೆ ಬಿದ್ದಿರುವುದರಿಂದ ನೀರೆಂದರೆ ಹರಿಯುವಂಥದ್ದು, ಮಟ್ಟವಾಗಿ ನಿಲ್ಲುವಂಥದ್ದು ಎಂದು ನಾವು ತಿಳಿದಿದ್ದೇವೆ. ನೀರಿನ ಗುಣವೆಂದು ನಾವು ಹೇಳುವುದರಲ್ಲಿ ಅರ್ಧ ಭೂಮಿಯ ಗುಣ.

ಭೂಮಿಯ ಕೈಬಲ ನೋಡಬೇಕಾದರೆ ಆಗಸ್ಟಿನಲ್ಲಿ ಜೋಗಕ್ಕೆ ಹೋಗಬೇಕು. ಹೋದ ತಕ್ಷಣ ಏನೂ ಕಾಣುವುದಿಲ್ಲ. ಕಣಿವೆ ತುಂಬ ಬಿಳಿ ಮಂಜು, ಅದರೊಳಗಿಂದ ಮೊರೆತ ಮಾತ್ರ. ಗಾಳಿ ತಿರುಗಿ ಮಂಜು ಸರಿದಾಗ ರಾಜಾ, ರೋರರ್, ರಾಕೆಟ್, ರಾಣಿ ಧಾರೆಗಳು ಒಟ್ಟಿಗೆ ಎದುರಾಗುತ್ತವೆ. ಜನ ಮೊಬೈಲ್ ತೆಗೆಯುವಷ್ಟರಲ್ಲಿ ಮತ್ತೆ ಪರದೆ. 253 ಮೀಟರ್ ಎತ್ತರದಿಂದ ಬೀಳುವ ನೀರಿಗೆ ಗಾಳಿಯ ತಡೆಯೇ ಇಲ್ಲದಿದ್ದರೆ ತಳ ಮುಟ್ಟುವಾಗ ಗಂಟೆಗೆ 250 ಕಿಲೋಮೀಟರ್ ವೇಗ ಇರುತ್ತಿತ್ತು. ಧಾರೆ ಒಡೆದು ಹನಿಯಾದ ಮೇಲೆ ಲೆಕ್ಕ ಬದಲಾಗುತ್ತದೆ. ಎಷ್ಟೇ ದೊಡ್ಡ ಹನಿಯಾದರೂ ಗಾಳಿಯನ್ನು ಸೀಳಿಕೊಂಡು ಸೆಕೆಂಡಿಗೆ 9 ಮೀಟರಿಗಿಂತ ಹೆಚ್ಚು ವೇಗದಲ್ಲಿ ಬೀಳುವುದು ಕಷ್ಟ. ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರಂತೂ ಬೀಳುವುದನ್ನೇ ಬಿಟ್ಟು ಗಾಳಿಯ ಬೆನ್ನೇರಿ ಮೇಲಕ್ಕೆ ಬಂದು ನಮ್ಮ ಕನ್ನಡಕ ಒದ್ದೆ ಮಾಡುತ್ತದೆ. ಪಠ್ಯಪುಸ್ತಕದ ಚಿತ್ರಗಾರರು ಮಳೆಹನಿಗೆ ಚೂಪು ಜುಟ್ಟು ಬಿಡಿಸುವುದನ್ನು ಇನ್ನೂ ಬಿಟ್ಟಿಲ್ಲ. ನಿಜದಲ್ಲಿ ಸಣ್ಣ ಹನಿ ಗೋಲಿಯೇ ಸರಿ. ದೊಡ್ಡದು ಕೆಳಗೆ ಚಪ್ಪಟೆ, ಮೇಲೆ ಉಬ್ಬು, ಹೆಚ್ಚುಕಡಿಮೆ ಇಡ್ಲಿಯ ಹಾಗೆ.

ಬೀಳುವ ದ್ರವ ಗುಂಡಗಾಗುತ್ತದೆ ಎಂಬುದನ್ನು ಕಾಸು ಮಾಡಿಕೊಂಡವನು ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್. ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ಸುರಿದು, ಕೆಳಗೆ ನೀರಿನಲ್ಲಿ ಹಿಡಿದು, ಬಂದೂಕಿಗೆ ಗುಂಡನೆಯ ಚರೆ ತಯಾರಿಸುವ ಉಪಾಯಕ್ಕೆ ಅವನು 1782ರಲ್ಲಿ ಪೇಟೆಂಟ್ ಪಡೆದ. ಬೀಳುತ್ತಿರುವಷ್ಟು ಹೊತ್ತು ಸೀಸಕ್ಕೆ ತನ್ನ ಭಾರ ಊರುವ ಜಾಗವೇ ಇಲ್ಲ. ಆಗ ಉಳಿಯುವುದು ಮೇಲ್ಮೈ ಎಳೆತ ಒಂದೇ.

ಬೀಳುವುದು ಮುಗಿಯದೇ ಹೋದರೆ? ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮಾಡುತ್ತಿರುವುದು ಅದನ್ನೇ. ಅಲ್ಲಿ ಗುರುತ್ವವೇ ಇಲ್ಲ ಎಂದು ಟಿ.ವಿ.ಯಲ್ಲಿ ಹೇಳುವವರು ಈಗಲೂ ಇದ್ದಾರೆ. ಅದು ಸುಳ್ಳು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ನೆಲದಲ್ಲಿರುವುದರ ಶೇ 90ರಷ್ಟು ಇದ್ದೇ ಇದೆ. ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಓಡುತ್ತ ನಿಲ್ದಾಣ ಸದಾ ಬೀಳುತ್ತಿದೆ. ಅದು ಬೀಳುವಷ್ಟೇ ಭೂಮಿಯೂ ಕೆಳಗೆ ಬಾಗಿಕೊಳ್ಳುವುದರಿಂದ ನೆಲ ಸಿಗುವುದಿಲ್ಲ. ಲೋಟ, ಲೋಟದ ನೀರು, ಕುಡಿಯುವವನು, ಎಲ್ಲ ಜೊತೆಗೇ ಬೀಳುತ್ತಿದ್ದಾರೆ. ಯಾರ ಮೇಲೂ ಯಾರ ಭಾರವೂ ಇಲ್ಲ.

2013ರ ಏಪ್ರಿಲ್‌ನಲ್ಲಿ ಕೆನಡಾದ ಗಗನಯಾನಿ ಕ್ರಿಸ್ ಹ್ಯಾಡ್‌ಫೀಲ್ಡ್ ಅಲ್ಲಿ ಒಂದು ಒದ್ದೆ ಬಟ್ಟೆ ಹಿಂಡಿದರು. ಹಾಗೆ ಮಾಡಿ ನೋಡಿ ಎಂದು ಕೇಳಿದ್ದು ಅವರ ದೇಶದ ಇಬ್ಬರು ಶಾಲಾ ಹುಡುಗಿಯರು. ಬಟ್ಟೆ ತಿರುಚಿದಾಗ ನೀರು ಹೊರಬಂತು, ಆದರೆ ತೊಟ್ಟಿಕ್ಕಲಿಲ್ಲ. ಬಟ್ಟೆಯ ಸುತ್ತ ಗಾಜಿನ ಕೊಳವೆಯಾಗಿ ನಿಂತಿತು, ಮತ್ತೆ ತಿರುಚಿದಾಗ ಬೆರಳುಗಳ ಮೇಲೆ ಹರಡಿ ಅಂಗೈಗೆ ಅಂಟಿಕೊಂಡಿತು. ಕಣ್ಣೀರಿನ ಪಾಡೂ ಅದೇ ಎಂದು ಅವರೇ ಇನ್ನೊಮ್ಮೆ ತೋರಿಸಿದರು: ಕೆನ್ನೆಗಿಳಿಯದೆ ಕಣ್ಣ ಮೇಲೇ ಉಂಡೆಗಟ್ಟಿ ಕೂರುತ್ತದೆ. ಅಲ್ಲಿ ಅತ್ತವರು ಟವೆಲ್ಲಿನಿಂದ ಒರೆಸಿಕೊಳ್ಳಲೇಬೇಕು.

ಇದು ತಮಾಷೆಯಾಗಿ ಉಳಿಯದ ದಿನವೂ ಬಂತು. ಅದೇ ವರ್ಷ ಜುಲೈ 16ರಂದು ಇಟಲಿಯ ಲೂಕಾ ಪರ್ಮಿಟಾನೊ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದರು. ಮುಕ್ಕಾಲು ಗಂಟೆಯಾಗಿತ್ತು, ತಲೆಯ ಹಿಂಭಾಗಕ್ಕೆ ಏನೋ ತಣ್ಣಗೆ ತಾಗಿತು. ಬೆವರಲ್ಲ. ಕುಡಿಯುವ ಚೀಲ ಸೋರಿರಬೇಕು ಎಂದುಕೊಂಡರು, ಅದೂ ಅಲ್ಲ. ಉಡುಪನ್ನು ತಂಪಾಗಿಡುವ ವ್ಯವಸ್ಥೆಯಲ್ಲಿ ಕಸ ಕಟ್ಟಿಕೊಂಡು, ಅದರ ನೀರು ಉಸಿರಾಟದ ಗಾಳಿಯ ಹಾದಿಗೆ ನುಗ್ಗಿ ಹೆಲ್ಮೆಟ್ ಸೇರುತ್ತಿತ್ತು. ನೆಲದ ಮೇಲಾಗಿದ್ದರೆ ಒಂದೂವರೆ ಲೀಟರ್ ನೀರು ಬೂಟಿಗಿಳಿದು ಕಾಲ್ಚೀಲ ತೋಯಿಸಿ ಸುಮ್ಮನಾಗುತ್ತಿತ್ತು. ಅಲ್ಲಿ ಅದಕ್ಕೆ ಇಳಿಯಲು ಕೆಳಗೆ ಎಂಬುದೇ ಇಲ್ಲ. ತಲೆಯನ್ನು ತಬ್ಬಿ, ಕಿವಿ ತುಂಬಿ, ಕಣ್ಣು ಮುಚ್ಚಿ, ಮೂಗಿನ ಹೊಳ್ಳೆಗೆ ಬಂತು. ಒರೆಸಿಕೊಳ್ಳೋಣವೆಂದರೆ ಕೈಗೂ ಮುಖಕ್ಕೂ ನಡುವೆ ಹೆಲ್ಮೆಟ್. ಅದೇ ಹೊತ್ತಿಗೆ ನಿಲ್ದಾಣ ಭೂಮಿಯ ನೆರಳಿಗೆ ಸರಿದು ಕತ್ತಲಾಯಿತು. ತಮ್ಮನ್ನು ಕಟ್ಟಿದ್ದ ಸುರಕ್ಷತಾ ತಂತಿಯ ಎಳೆತವನ್ನೇ ಗುರುತು ಹಿಡಿದು, ತಡವರಿಸುತ್ತ ಅವರು ಬಾಗಿಲಿಗೆ ಮರಳಿದರು. ನೆಲದಿಂದ ನೂರಾರು ಕಿಲೋಮೀಟರ್ ಮೇಲೆ ಒಬ್ಬ ಮನುಷ್ಯ ನೀರಲ್ಲಿ ಮುಳುಗಿ ಸಾಯುವುದಿತ್ತು. ಆಮೇಲೆ ಹೆಲ್ಮೆಟ್ಟಿನೊಳಗೆ ನೀರು ಹೀರುವ ಪ್ಯಾಡ್, ಉಸಿರಾಡಲು ಒಂದು ಕೊಳವೆ ಸೇರಿಸಿದರು.

ಗಾಳಿಯೂ ಹರಿಯುವ ವಸ್ತುವೇ ತಾನೆ. ದೇವರ ಮುಂದಿನ ದೀಪದ ಕುಡಿ ಮೇಲಕ್ಕೆ ಚಾಚುವುದು ಬಿಸಿಗಾಳಿ ಹಗುರಾಗಿ ಏರುವುದರಿಂದ. ತೂಕವಿಲ್ಲದಲ್ಲಿ ಮೇಣದ ಬತ್ತಿ ಹಚ್ಚಿದರೆ ಕುಡಿ ಗುಂಡಗೆ, ನೀಲಿಯಾಗಿ, ಮಂಕಾಗಿ ಉರಿಯುತ್ತದೆ. ನಿಲ್ದಾಣದಲ್ಲಿ ಮಲಗಿದವನು ಬಿಟ್ಟ ಉಸಿರು ಕೂಡ ಅವನ ಮುಖದ ಸುತ್ತಲೇ ನಿಲ್ಲಬಹುದು. ಹಾಗಾಗಿ ಫ್ಯಾನುಗಳು ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ಗ್ಯಾಸು ತುಂಬಿದ ಪಾನೀಯದ ಪಾಡೂ ಇದೇ. 1985ರಲ್ಲಿ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಕೋಕ್, ಪೆಪ್ಸಿ ಎರಡೂ ಹೋಗಿದ್ದವು. ಹೊಟ್ಟೆಯಲ್ಲಿ ಗ್ಯಾಸು ಮೇಲೆ, ದ್ರವ ಕೆಳಗೆ ಎಂದು ಬೇರೆಯಾಗದ ಕಡೆ ತೇಗು ಬಂದರೆ ಏನೇನು ಬಾಯಿಗೆ ಬರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮೈಯೂ ಅರ್ಧಕ್ಕಿಂತ ಹೆಚ್ಚು ಪಾಲು ದ್ರವದ ಚೀಲ. ಬೀದರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕೂತು ಬಂದು ಬೆಳಿಗ್ಗೆ ಇಳಿದಾಗ ಪಾದ ಊದಿ ಚಪ್ಪಲಿ ಬಿಗಿಯಾಗಿರುತ್ತದೆ. ಗಗನಯಾನಿಗಳದು ಇದಕ್ಕೆ ತಿರುವುಮುರುವು. ಕಾಲಿನಿಂದ ಎರಡು ಲೀಟರಿನಷ್ಟು ದ್ರವ ಮೇಲೇರಿ ಮುಖ ಊದುತ್ತದೆ, ಕಾಲು ಕಡ್ಡಿಯಾಗುತ್ತದೆ, ಮೂಗು ಕಟ್ಟಿ ಊಟ ಸಪ್ಪೆ ಎನಿಸುತ್ತದೆ. ಖಾರದ ಸಾಸಿಗೆ ಅಲ್ಲಿ ಬೇಡಿಕೆ.

ಹಟಮಾರಿ ನೀರಿಗೆ ಮದ್ದು ಸಿಕ್ಕಿದ್ದು ಅದರ ಹಟದಲ್ಲಿಯೇ. ಚೀಲಕ್ಕೆ ಸ್ಟ್ರಾ ಹಾಕಿ ಕಾಫಿ ಹೀರಿ ಬೇಸತ್ತ ಅಮೆರಿಕದ ಗಗನಯಾನಿ ಡಾನ್ ಪೆಟಿಟ್ 2008ರಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಮಡಚಿ ಲೋಟ ಮಾಡಿದರು. ಒಂದು ಬದಿ ಚೂಪು ಮೂಲೆ. ಆ ಮೂಲೆಗುಂಟ ಕಾಫಿ ತಾನಾಗಿ ತುಟಿಯವರೆಗೆ ಹತ್ತಿ ಬರುತ್ತದೆ, ದೀಪದ ಬತ್ತಿಗೆ ಎಣ್ಣೆ ಏರುವ ಅದೇ ಕ್ರಮದಲ್ಲಿ. ಹಲವು ಉಪಗ್ರಹಗಳ ಇಂಧನ ಟ್ಯಾಂಕಿನಲ್ಲೂ ಇದೇ ಜಾಣತನ ಇದೆ: ಒಳಗೆ ತೆಳು ಲೋಹದ ಪಟ್ಟಿಗಳು, ಅವುಗಳಿಗೆ ಅಂಟಿಕೊಂಡು ಇಂಧನ ಹೊರದಾರಿಯತ್ತ ಸಾಗುತ್ತದೆ. ದೊಡ್ಡ ರಾಕೆಟ್ಟಿನ ಎಂಜಿನನ್ನು ನಡುದಾರಿಯಲ್ಲಿ ಮತ್ತೆ ಹೊತ್ತಿಸಬೇಕಾದರೆ ಇಷ್ಟು ಸಾಲದು. ಮೊದಲು ಪುಟ್ಟ ರಾಕೆಟ್ಟುಗಳಿಂದ ಮುಂದಕ್ಕೊಂದು ನೂಕು ಕೊಟ್ಟು, ಚದುರಿದ ಇಂಧನವನ್ನು ಟ್ಯಾಂಕಿನ ತಳಕ್ಕೆ ಕೂರಿಸಿಕೊಳ್ಳಬೇಕು. ಚಂದ್ರನತ್ತ ಹೊರಟ ಅಪೊಲೊ ನೌಕೆಗಳ ರಾಕೆಟ್ ಮಾಡಿದ್ದೂ ಹಾಗೆಯೇ.

2025ರ ಜೂನ್ 26ರಂದು ನಿಲ್ದಾಣ ಸೇರಿದ ಭಾರತದ ಶುಭಾಂಶು ಶುಕ್ಲಾ ಅವರ ಜೊತೆ ಧಾರವಾಡದ ಹೆಸರುಕಾಳು, ಮೆಂತ್ಯ ಹೋಗಿದ್ದವು. ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದವರ ಮೊಳಕೆ ಪ್ರಯೋಗ ಅದು. ನಮ್ಮ ಅಡುಗೆಮನೆಯಲ್ಲಿ ಕಾಳು ನೆನೆಸಿ, ನೀರು ಬಸಿದು, ಬಟ್ಟೆ ಕಟ್ಟಿಟ್ಟರೆ ಮುಗಿಯಿತು. ಅಲ್ಲಿ ನೀರು ಬಸಿಯುವುದೇ ಇಲ್ಲ. ಹೆಚ್ಚಾದ ನೀರು ಬೇರನ್ನು ಸುತ್ತಿಕೊಂಡು ಗಾಳಿಗೆ ಜಾಗ ಕೊಡದೆ ಉಸಿರುಗಟ್ಟಿಸಬಲ್ಲದು. ಆದರೂ ಕಾಳು ಮೊಳೆತವು.

ಬಾಹ್ಯಾಕಾಶಕ್ಕೆ ಹೋಗದೆಯೂ ಇದರ ಒಂದು ಚೂರನ್ನು ನೋಡಬಹುದು. ಹಳೆಯ ಪ್ಲಾಸ್ಟಿಕ್ ಬಾಟಲಿಯ ಬುಡದ ಬಳಿ, ಪಕ್ಕದಲ್ಲಿ ಒಂದು ತೂತು ಮಾಡಿ. ನೀರು ತುಂಬಿ, ಮುಚ್ಚಳ ತೆಗೆದಿಟ್ಟು ಮಹಡಿಯ ಮೇಲೆ ಎತ್ತಿ ಹಿಡಿದರೆ ತೂತಿನಿಂದ ಧಾರೆ ಚಿಮ್ಮುತ್ತದೆ. ಹಾಗೆಯೇ ಕೈಬಿಡಿ. ಬೀಳುವಷ್ಟು ಹೊತ್ತು ಧಾರೆ ನಿಂತುಹೋಗುತ್ತದೆ, ಏಕೆಂದರೆ ನೀರೂ ಬಾಟಲಿಯೂ ಜೊತೆಗೇ ಬೀಳುತ್ತಿರುತ್ತವೆ. ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಆದ್ದರಿಂದ ಮಕ್ಕಳಲ್ಲಿ ಒಬ್ಬರ ಕೈಗೆ ಮೊಬೈಲ್ ಕೊಟ್ಟು ನಿಧಾನಗತಿಯ ವಿಡಿಯೊ ಹಿಡಿಸಿ. ಕೆಳಗೆ ಯಾರೂ ಇಲ್ಲವೆಂದು ಮಾತ್ರ ಮೊದಲೇ ನೋಡಿಕೊಳ್ಳಿ.