ನಡುಗುವ ಕೈ: ನಿದಾನ ಮತ್ತು ಚಿಕಿತ್ಸೆ

ನಡುಕವೆಂಬ ಒಂದೇ ಮಾತನ್ನು ಕನ್ನಡವು ಅನೇಕ ಸ್ಥಿತಿಗಳಿಗೆ ಬಳಸುತ್ತದೆ. ಚಳಿಗೆ ನಡುಗುವುದುಂಟು, ಹೆದರಿ ನಡುಗುವುದುಂಟು, ಕೋಪದಿಂದ ನಡುಗುವುದುಂಟು, ಮುಪ್ಪಡರಿದಾಗ ನಡುಗುವುದೂ ಉಂಟು. ಈ ಕಾರಣದಿಂದಲೇ ಕೈ ನಡುಗುವವನನ್ನು ಕಂಡೊಡನೆ ಜನರು ತಮತಮಗೆ ತೋರಿದ ಹೇತುವನ್ನು ಅವನ ಮೇಲೆ ಆರೋಪಿಸುತ್ತಾರೆ: ತರುಣನಾದರೆ ಅಂಜುಬುರುಕನೆಂದೋ ಕುಡುಕನೆಂದೋ, ವೃದ್ಧನಾದರೆ ವಯೋಧರ್ಮವೆಂದೋ ಪಾರ್ಕಿನ್ಸನ್ ರೋಗವೆಂದೋ ತೀರ್ಮಾನಿಸಿಬಿಡುತ್ತಾರೆ. ಈ ನಾಲ್ಕರಲ್ಲಿ ಯಾವುದೂ ಅಲ್ಲದ, ಆದರೆ ಈ ನಾಲ್ಕು ಹೆಸರುಗಳ ಹಿಂದೆಯೂ ಮರೆಯಾಗಿ ಉಳಿಯುವ ನಡುಕವೊಂದಿದೆ. ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಎಸೆನ್ಶಿಯಲ್ ಟ್ರೆಮರ್ ಎಂದು ಹೆಸರು. ಇದು ಪಾರ್ಕಿನ್ಸನ್ ರೋಗಕ್ಕಿಂತ ಹೆಚ್ಚು ಜನರಲ್ಲಿ ಕಾಣಬರುತ್ತದೆ. 65 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು ನಾಲ್ಕೈದು ಮಂದಿಯಲ್ಲಿ ಇರುವುದೆಂದು ಅಂದಾಜು.

ಈ ಹೆಸರಿನ ವಿಷಯದಲ್ಲಿ ಒಂದು ಮಾತು ಅಗತ್ಯ. ಶಬ್ದಶಃ ಭಾಷಾಂತರಿಸಿ ‘ಅವಶ್ಯಕ ಕಂಪನ’ವೆಂದರೆ ಅದು ಹಾಸ್ಯಾಸ್ಪದವೇ ಸರಿ. ಬೇರೊಂದು ರೋಗದ ಲಕ್ಷಣವಾಗಿರದೆ ತಾನೇ ತಾನಾಗಿ ತೋರುವುದು, ಅರ್ಥಾತ್ ಮೂಲಕಾರಣ ಗೊತ್ತಾಗದುದು, ಎಂಬುದೇ ಇಲ್ಲಿಯ ವಿಶೇಷಣದ ಅಭಿಪ್ರಾಯ. ರಕ್ತದೊತ್ತಡದ ಪ್ರಕರಣದಲ್ಲಿಯೂ ಅದೇ ಅರ್ಥದಲ್ಲಿ ಆ ಪದ ಬಳಕೆಯಲ್ಲಿದೆ. ಇಟಲಿಯ ವೈದ್ಯ ಬುರ್ರೇಸಿ 1874ರಲ್ಲಿ ಈ ನಡುಕಕ್ಕೆ ಆ ಹೆಸರನ್ನು ಪ್ರಯೋಗಿಸಿದನು. ಕನ್ನಡದಲ್ಲಿ ‘ಸ್ವತಃಸಿದ್ಧ ಕಂಪನ’ವೆಂದರೆ ಭಾವ ಸರಿಹೊಂದೀತು. ಬಹುಕಾಲದವರೆಗೆ ಇದಕ್ಕೆ ‘ನಿರಪಾಯ’ವೆಂಬ ಇನ್ನೊಂದು ವಿಶೇಷಣವೂ ಅಂಟಿಕೊಂಡಿತ್ತು. ಆಯುಷ್ಯಕ್ಕೆ ಕುತ್ತಿಲ್ಲವೆಂಬಷ್ಟರ ಮಟ್ಟಿಗೆ ಅದು ಸರಿಯಾಗಿದ್ದೀತು. ಆದರೆ ಪಂಕ್ತಿಯಲ್ಲಿ ಕುಳಿತು ಸಾರಿನ ಬಟ್ಟಲನ್ನು ಎತ್ತಲು ಅಳುಕುವವನಿಗೆ, ರುಜು ಹೊಂದದೆ ಚೆಕ್ಕು ಹಿಂದಿರುಗಿ ಬಂದವನಿಗೆ, ಬೆರಳ ನಯವನ್ನೇ ನಂಬಿ ಬದುಕುವ ಅಕ್ಕಸಾಲಿಗನಿಗೆ ಇದು ನಿರಪಾಯವೆಂದು ಹೇಳುವುದು ಕ್ರೂರವಾದ ಮಾತು. ವೈದ್ಯರು ಈಗ ಆ ವಿಶೇಷಣವನ್ನು ಬಿಟ್ಟಿರುವುದು ಉಚಿತವಾಗಿಯೇ ಇದೆ.

ನಿದಾನದ ತಿರುಳೆಲ್ಲ ಒಂದು ಪ್ರಶ್ನೆಯಲ್ಲಿ ಅಡಗಿದೆ: ಕೈ ನಡುಗುವುದು ಯಾವಾಗ? ಪಾರ್ಕಿನ್ಸನ್ ರೋಗಿಯ ಕೈ ತೊಡೆಯ ಮೇಲೆ ಸುಮ್ಮನೆ ವಿಶ್ರಮಿಸಿರುವಾಗ ನಡುಗುತ್ತದೆ. ಹೆಬ್ಬೆರಳೂ ತೋರುಬೆರಳೂ ಗುಳಿಗೆಯೊಂದನ್ನು ಉರುಳಿಸುತ್ತಿರುವಂತೆ ತೋರುತ್ತವೆ. ಲೋಟಕ್ಕಾಗಿ ಕೈ ಚಾಚಿದೊಡನೆ ಆ ನಡುಕ ಬಹುಮಟ್ಟಿಗೆ ಅಡಗುತ್ತದೆ. ಸ್ವತಃಸಿದ್ಧ ಕಂಪನದಲ್ಲಿ ಇದೆಲ್ಲ ತಿರುವುಮುರುವು. ತೊಡೆಯ ಮೇಲಿನ ಕೈ ನಿಶ್ಚಲವಾಗಿರುತ್ತದೆ. ಅದನ್ನು ಮುಂದೆ ಚಾಚಿ ಹಿಡಿದಾಗ, ಲೋಟವನ್ನು ತುಟಿಗೆ ತರುವಾಗ, ಸೂಜಿಗೆ ದಾರ ಪೋಣಿಸುವಾಗ ಸೆಕೆಂಡಿಗೆ 4ರಿಂದ 12 ಸಲದ ವೇಗದಲ್ಲಿ ನಡುಕ ತಲೆದೋರುತ್ತದೆ. ಒಂದು ಲಕ್ಷಣ ಬಿಡುವಿನದು, ಇನ್ನೊಂದು ಕೆಲಸದ್ದು. ವಿಶ್ರಾಂತಿಯಲ್ಲಿರುವ ಅಂಗ ನಡುಗುವುದನ್ನು ಜೇಮ್ಸ್ ಪಾರ್ಕಿನ್ಸನ್ 1817ರ ತನ್ನ ಪ್ರಬಂಧದಲ್ಲಿಯೇ ಗುರುತಿಸಿದ್ದನು. ಇಷ್ಟಾಗಿಯೂ ಒಂದನ್ನು ಇನ್ನೊಂದೆಂದು ಎಣಿಸುವುದು ಇಂದಿಗೂ ಅಪರೂಪವಲ್ಲ. ಇದಕ್ಕೆ ಕೊಂಚ ಸಮರ್ಥನೆಯೂ ಇದೆ: ಬಹು ವರ್ಷ ಬೆಳೆದ ಸ್ವತಃಸಿದ್ಧ ಕಂಪನದಲ್ಲಿ ಬಿಡುವಿನ ನಡುಕವೂ ಸ್ವಲ್ಪ ಸೇರಿಕೊಳ್ಳಬಹುದು. ಆಗ ಜೊತೆಯ ಲಕ್ಷಣಗಳು ದಾರಿತೋರುತ್ತವೆ. ಪಾರ್ಕಿನ್ಸನ್ ರೋಗ ಸಾಮಾನ್ಯವಾಗಿ ಒಂದೇ ಪಾರ್ಶ್ವದಲ್ಲಿ ಆರಂಭವಾಗುತ್ತದೆ, ಚಲನೆ ನಿಧಾನವಾಗುತ್ತದೆ, ಅಂಗಗಳು ಬಿಗಿಯುತ್ತವೆ. ಸ್ವತಃಸಿದ್ಧ ಕಂಪನವು ಎರಡು ಕೈಗಳಲ್ಲಿಯೂ ಇದ್ದು, ಕೆಲವರಲ್ಲಿ ಕತ್ತಿಗೆ ಏರಿ ತಲೆಯನ್ನು ‘ಹೌದು’ ‘ಅಲ್ಲ’ ಎನ್ನುವಂತೆ ಅಲ್ಲಾಡಿಸುತ್ತದೆ, ಧ್ವನಿಯನ್ನೂ ಕದಲಿಸುತ್ತದೆ.

ಈ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಒಂದು ಹಾಳೆ, ಒಂದು ಲೇಖನಿ, ನೀರು ತುಂಬಿದ ಲೋಟವೊಂದು, ಬರಿಯ ಲೋಟವೊಂದು ಸಾಕು. ಕೈಯನ್ನು ಹಾಳೆಗೆ ಆನಿಸದೆ ನಡುವಿನಿಂದ ಹೊರಕ್ಕೆ ಸುರುಳಿಯೊಂದನ್ನು ಬರೆಯಿಸುತ್ತಾರೆ; ಗೆರೆಯುದ್ದಕ್ಕೂ ಗರಗಸದ ಹಲ್ಲುಗಳಂತೆ ಏರಿಳಿತ ಮೂಡುತ್ತದೆ. ಪಾರ್ಕಿನ್ಸನ್ ರೋಗಿಯ ಬರಹ ಸಾಲು ಸಾಗಿದಂತೆ ಕಿರಿದಾಗುತ್ತ ಹೋದರೆ, ಇವನ ಬರಹ ದೊಡ್ಡದಾಗಿಯೇ ಉಳಿದು ಮುರುಕು ಮುರುಕಾಗುತ್ತದೆ. ನೇರಗೆರೆಗಿಂತ ಬಳಸುಗೆರೆಯೇ ಹೆಚ್ಚಾದ ಕನ್ನಡ ಲಿಪಿಯಲ್ಲಿ ಪ್ರತಿಯೊಂದು ಅಕ್ಷರವೂ ಒಂದು ಸಣ್ಣ ಸುರುಳಿಯ ಪರೀಕ್ಷೆಯೇ. ಹಳೆಯ ಕಾಗದಪತ್ರಗಳನ್ನು ಇಟ್ಟುಕೊಂಡಿರುವ ಮನೆಗಳಲ್ಲಿ ಹತ್ತಿಪ್ಪತ್ತು ವರ್ಷಗಳ ರುಜುಗಳನ್ನು ಹೋಲಿಸಿದರೆ ನಡುಕದ ವಯಸ್ಸು ರೋಗಿಯ ನೆನಪಿಗಿಂತ ಖಚಿತವಾಗಿ ತಿಳಿದೀತು.

2018ರಲ್ಲಿ ತಜ್ಞರು ಒಪ್ಪಿದ ಅಂತಾರಾಷ್ಟ್ರೀಯ ನಿರೂಪಣೆಯಂತೆ, ಎರಡೂ ಕೈಗಳ ಕ್ರಿಯಾಕಂಪನವು ಕನಿಷ್ಠ 3 ವರ್ಷಗಳಿಂದ ಇರಬೇಕು, ಬೇರೆ ನರರೋಗದ ಚಿಹ್ನೆಗಳು ಇರಬಾರದು. ಆದ್ದರಿಂದ ನಿದಾನವೆಂದರೆ ಬಹುಪಾಲು ಇತರ ಕಾರಣಗಳನ್ನು ತಳ್ಳಿಹಾಕುವ ಕೆಲಸ. ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್, ಅಪಸ್ಮಾರಕ್ಕೆ ಕೊಡುವ ವಾಲ್ಪ್ರೋಯೇಟ್, ಮನೋರೋಗಕ್ಕೆ ಕೊಡುವ ಲಿಥಿಯಂ ಇವೆಲ್ಲ ಕೈಯನ್ನು ನಡುಗಿಸಬಲ್ಲವು. ರೋಗಿ ತರುಣನಾಗಿದ್ದರೆ ವಿಲ್ಸನ್ ರೋಗವನ್ನು ಮರೆಯಲೇಬಾರದು. ದೇಹದಲ್ಲಿ ತಾಮ್ರ ಸಂಚಯವಾಗುವ ಆ ವ್ಯಾಧಿಗೆ ಔಷಧವಿದೆ, ಉಪೇಕ್ಷಿಸಿದರೆ ಪ್ರಾಣಾಪಾಯವಿದೆ. ಪಾರ್ಕಿನ್ಸನ್ ಶಂಕೆ ಬಗೆಹರಿಯದಿದ್ದಲ್ಲಿ ಮಿದುಳಿನ ಡ್ಯಾಟ್ ಸ್ಕ್ಯಾನ್ ನೆರವಾಗುತ್ತದೆ. ಎಲ್ಲರಿಗೂ ಅದು ಬೇಕಿಲ್ಲ.

ವಂಶದ ಪ್ರಶ್ನೆಯನ್ನು ವೈದ್ಯರು ತಪ್ಪದೆ ಕೇಳುತ್ತಾರೆ. ಸುಮಾರು ಅರ್ಧದಷ್ಟು ರೋಗಿಗಳ ತಂದೆತಾಯಿಗಳಲ್ಲಿಯೋ ಒಡಹುಟ್ಟಿದವರಲ್ಲಿಯೋ ಇದು ಕಂಡುಬಂದಿರುತ್ತದೆ. ಆದರೂ ಇದಕ್ಕೆ ಹೊಣೆಯಾದ ಒಂದೇ ಜೀನ್ ಸಿಕ್ಕಿಲ್ಲ. ಅಮೆರಿಕದ ನಟಿ ಕ್ಯಾಥರಿನ್ ಹೆಪ್‌ಬರ್ನ್ ತನ್ನ ತಲೆಯ ನಡುಕ ಪಾರ್ಕಿನ್ಸನ್ ರೋಗವಲ್ಲ, ಅಜ್ಜನಿಂದ ಬಂದುದೆಂದು ಬಹಿರಂಗವಾಗಿ ತಿದ್ದಬೇಕಾಯಿತು. ಭಾರತದಲ್ಲಿ ಈ ಬಗ್ಗೆ ನಡೆದ ಗಮನಾರ್ಹ ಗಣತಿಯೊಂದು ಮುಂಬಯಿಯದೇ. ಅಲ್ಲಿಯ ಪಾರಸಿ ವಸತಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಶೋಧನೆಯ ಫಲ 1988ರಲ್ಲಿ ಪ್ರಕಟವಾಯಿತು. ಪಾರ್ಕಿನ್ಸನ್ ರೋಗಿಗಳಿಗಿಂತ ಸ್ವತಃಸಿದ್ಧ ಕಂಪನದವರು ಹಲವು ಪಟ್ಟು ಹೆಚ್ಚಾಗಿದ್ದರು.

ಮದ್ಯದ ಸಂಬಂಧ ವಿಚಿತ್ರವಾದುದು. ಕುಡಿದು ಕೈ ನಡುಗುತ್ತಿದೆಯೆಂದು ಲೋಕ ಆಡಿಕೊಳ್ಳುತ್ತದೆ. ವಸ್ತುತಃ ಸ್ವಲ್ಪ ಮದ್ಯವು ಅನೇಕರಲ್ಲಿ ಈ ನಡುಕವನ್ನು ಕೆಲವು ಗಂಟೆ ಅಡಗಿಸುತ್ತದೆ. ಇಳಿದ ಮೇಲೆ ಅದು ಮೊದಲಿಗಿಂತ ಹೆಚ್ಚಾಗಿ ಮರಳುವುದರಿಂದ ನಿದಾನಕ್ಕೆ ಇದೊಂದು ಸುಳಿವೇ ಹೊರತು ಚಿಕಿತ್ಸೆಯಲ್ಲ.

ಆಯುರ್ವೇದವು ನಡುಕವನ್ನು ಬಲ್ಲುದು. ಚರಕಸಂಹಿತೆಯು ವೇಪಥುವನ್ನು ಎಂಬತ್ತು ವಾತವಿಕಾರಗಳಲ್ಲಿ ಎಣಿಸುತ್ತದೆ. ಕಂಪವಾತಕ್ಕೆ ಹೇಳಿರುವ ನಸುಗುನ್ನಿಯ ಬೀಜದಿಂದ 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದ ಲೆವೊಡೋಪಾ ಮುಂದೆ ಪಾರ್ಕಿನ್ಸನ್ ರೋಗದ ಮುಖ್ಯ ಔಷಧವಾಯಿತು. ಸ್ವತಃಸಿದ್ಧ ಕಂಪನಕ್ಕೆ ಅದರಿಂದ ಪ್ರಯೋಜನವಿಲ್ಲ. ಎರಡು ನಡುಕಗಳನ್ನು ಬೇರ್ಪಡಿಸದೆ ಕಷಾಯವನ್ನಾಗಲಿ ಮಾತ್ರೆಯನ್ನಾಗಲಿ ಕೊಟ್ಟರೆ ರೋಗಿ ವರ್ಷಗಟ್ಟಲೆ ಸಲ್ಲದ ಮದ್ದನ್ನು ನುಂಗುತ್ತಿರಬೇಕಾಗುತ್ತದೆ.

ಬದುಕಿಗೆ ಅಡ್ಡಿಯಾಗದಷ್ಟು ಅಲ್ಪವಾದ ನಡುಕಕ್ಕೆ ಮದ್ದು ಬೇಡ. ಕಾಫಿಯನ್ನು ತಗ್ಗಿಸುವುದು, ನಿದ್ರೆಗೆಡದಿರುವುದು, ಲೋಟವನ್ನು ಅರ್ಧ ಮಾತ್ರ ತುಂಬುವುದು, ತೂಕದ ಚಮಚ ಬಳಸುವುದು ಸಾಕಾಗಬಹುದು. ಮದ್ದು ಬೇಕಾದವರಿಗೆ ಮೊದಲ ಸಾಲಿನಲ್ಲಿ ಎರಡಿವೆ. ಹೃದ್ರೋಗಕ್ಕೆಂದು ಬ್ರಿಟನ್ನಿನಲ್ಲಿ ಜೇಮ್ಸ್ ಬ್ಲ್ಯಾಕ್ ರೂಪಿಸಿದ ಪ್ರೊಪ್ರನೊಲಾಲ್ 1970ರ ದಶಕದಿಂದ ಇದಕ್ಕೂ ಸಲ್ಲುತ್ತಿದೆ. ಆದರೆ ಉಬ್ಬಸವಿರುವವರಿಗೂ ನಾಡಿ ತೀರ ಮಂದವಾಗಿರುವವರಿಗೂ ಅದು ವರ್ಜ್ಯ, ಒಮ್ಮೆಲೆ ನಿಲ್ಲಿಸುವುದೂ ಅಪಾಯಕರ. ಅಪಸ್ಮಾರದ ಮದ್ದಾದ ಪ್ರಿಮಿಡೋನ್ ಈ ನಡುಕವನ್ನು ತಗ್ಗಿಸುವುದೆಂದು 1981ರಲ್ಲಿ ವರದಿಯಾಯಿತು. ಮೊದಲ ಗುಟುಕಿಗೇ ತಲೆಸುತ್ತು, ವಾಂತಿ ತರುವ ಸ್ವಭಾವ ಅದಕ್ಕಿರುವುದರಿಂದ ರಾತ್ರಿ ಮಲಗುವಾಗ ಮಾತ್ರೆಯ ಸಣ್ಣ ತುಂಡಿನಿಂದ ಆರಂಭಿಸುತ್ತಾರೆ. ಇವುಗಳಿಂದ ಸುಮಾರು ಅರ್ಧದಷ್ಟು ರೋಗಿಗಳಿಗೆ ಸಾಕಷ್ಟು ಉಪಶಮನ ದೊರೆಯುತ್ತದೆ. ಸಂಪೂರ್ಣ ನಿಲುಗಡೆಯ ಭರವಸೆಯನ್ನು ಯಾರೂ ಕೊಡಲಾರರು. ತಲೆಯ ಮತ್ತು ಧ್ವನಿಯ ನಡುಕ ಗುಳಿಗೆಗೆ ಅಷ್ಟಾಗಿ ಮಣಿಯುವುದಿಲ್ಲ. ಅಲ್ಲಿ ಬೊಟುಲಿನಂ ಚುಚ್ಚುಮದ್ದನ್ನು ಪ್ರಯೋಗಿಸುವುದುಂಟು.

ಔಷಧ ಸೋತ ತೀವ್ರ ಕಂಪನಕ್ಕೆ ಶಸ್ತ್ರಮಾರ್ಗವಿದೆ. ಕಿರುಮಿದುಳಿನಿಂದ ಥಾಲಮಸ್ ಮೂಲಕ ಹಾಯುವ ನರಜಾಲದಲ್ಲಿ ಲಯತಪ್ಪಿದ ಮಿಡಿತವೇ ಕೈಗೆ ಇಳಿಯುತ್ತದೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಬೆನಬಿದ್ ಎಂಬ ಶಸ್ತ್ರವೈದ್ಯನು 1987ರಲ್ಲಿ ಥಾಲಮಸ್ಸಿನಲ್ಲಿ ತಂತಿಯಿರಿಸಿ ಸತತ ವಿದ್ಯುತ್‌ಪ್ರಚೋದನೆಯಿಂದ ಆ ಮಿಡಿತವನ್ನು ಹತ್ತಿಕ್ಕಿದನು. ಕೇಂದ್ರೀಕೃತ ಶ್ರವಣಾತೀತ ಧ್ವನಿಯಿಂದ, ತಲೆಬುರುಡೆಯನ್ನು ಕೊರೆಯದೆ, ಅದೇ ತಾಣವನ್ನು ಸುಡುವ ವಿಧಾನಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರಕಿತು. ರೋಗಿ ಎಚ್ಚರವಾಗಿಯೇ ಇದ್ದು, ಪ್ರತಿಯೊಂದು ಪ್ರಯೋಗದ ನಡುವೆ ಸುರುಳಿ ಬರೆದು ತೋರಿಸುತ್ತಾನೆ. ಸಾಮಾನ್ಯವಾಗಿ ಬರೆಯುವ ಕೈಗೆ ಮಾತ್ರ ಇದನ್ನು ಮಾಡುತ್ತಾರೆ. 2022ರಲ್ಲಿ ಕನಿಷ್ಠ 9 ತಿಂಗಳ ಅಂತರವಿಟ್ಟು ಎರಡನೆಯ ಪಾರ್ಶ್ವಕ್ಕೂ ಅಲ್ಲಿ ಒಪ್ಪಿಗೆಯಾಗಿದೆ. ಮಾತು ತೊದಲುವ, ನಡಿಗೆ ತೂಗಾಡುವ ಸಂಭವವನ್ನು ತೂಗಿನೋಡಿಯೇ ಅದಕ್ಕೆ ಕೈಹಾಕಬೇಕಾಗುತ್ತದೆ.