ಉದ್ದವಾದ ಶಬ್ದವೆಲ್ಲ ಶಬ್ದವೇ?

ನಮ್ಮ ಕೆಲಗೇರಿಯ ಮನೆಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳು ಒಬ್ಬರಿಗೊಬ್ಬರು ಪಂಥ ಕಟ್ಟಿ ಅತಿ ಉದ್ದದ ಇಂಗ್ಲಿಷ್ ಶಬ್ದಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವುದುಂಟು. ಒಪ್ಪಿಸಿದ ಮಗುವಿಗೆ ಹೆಮ್ಮೆ. ಕೇಳಿದ ತಾಯಿತಂದೆಗಳಿಗೆ ಅದಕ್ಕಿಂತ ಹೆಮ್ಮೆ. ಮನೆಯ ಅಜ್ಜಿ ಮಾತ್ರ ‘ಅದ್ಯಾವ ಮಂತ್ರನೋ ತಮ್ಮಾ?’ ಎನ್ನುತ್ತಾಳೆ. ಅಜ್ಜಿಯ ಪ್ರಶ್ನೆ ಹಗುರವಾದುದಲ್ಲ. ಅಕ್ಷರಗಳು ಸಾಲುಗೊಂಡ ಮಾತ್ರಕ್ಕೆ ಅದು ಶಬ್ದವಾದೀತೇ?

ಇಂಗ್ಲಿಷ್ ನಿಘಂಟುಗಳಲ್ಲಿ ಅತಿ ಉದ್ದವೆಂದು ಹೆಸರಾದುದು ‘ನ್ಯೂಮನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕನೋಕೋನಿಯೋಸಿಸ್’. ಇಂಗ್ಲಿಷಿನಲ್ಲಿ ಅದಕ್ಕೆ 45 ಅಕ್ಷರಗಳು. ನವಿರಾದ ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿ ಬರುವ ರೋಗವೆಂದು ಅದರ ಅರ್ಥ. ಆದರೆ ಅದನ್ನು ಹುಟ್ಟಿಸಿದವರು ವೈದ್ಯರಲ್ಲ. 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್ ಎಂಬವರು ಉದ್ದಕ್ಕಾಗಿಯೇ ಅದನ್ನು ಹೆಣೆದರು. ರೋಗವಂತೂ ನಿಜ. ಕಲ್ಲುಗಣಿಗಳಲ್ಲಿ ದುಡಿಯುವ ಬಡವರ ಎದೆಯನ್ನು ಅದು ಇಂದಿಗೂ ತಿನ್ನುತ್ತಿದೆ. ಚಿಕಿತ್ಸೆ ಮಾಡುವ ವೈದ್ಯರು ಅದನ್ನು ‘ಸಿಲಿಕೋಸಿಸ್’ ಎಂದಷ್ಟೇ ಕರೆಯುತ್ತಾರೆ. ನೋವಿನ ಹತ್ತಿರ ಇರುವವರಿಗೆ ಉದ್ದ ಹೆಸರು ಬೇಕಾಗಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಉದ್ದದ ವಿಷಯದಲ್ಲಿ ನಮ್ಮ ನಾಡೇನೂ ಹಿಂದೆ ಬಿದ್ದಿಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಅಚ್ಯುತರಾಯನ ಆಸ್ಥಾನದಲ್ಲಿದ್ದ ತಿರುಮಲಾಂಬೆಯು ‘ವರದಾಂಬಿಕಾ ಪರಿಣಯ ಚಂಪೂ’ ಎಂಬ ಸಂಸ್ಕೃತ ಕಾವ್ಯದಲ್ಲಿ 195 ಅಕ್ಷರಗಳ ಒಂದೇ ಸಮಾಸಪದವನ್ನು ರಚಿಸಿದಳು. ಗಿನ್ನೆಸ್ ದಾಖಲೆಗಳ ಗ್ರಂಥವೂ ಅದನ್ನು ಎತ್ತಿ ಹೇಳಿದೆ. ಕಂಚಿಯ ಸೀಮೆಯ ಅರವಟ್ಟಿಗೆಗಳಲ್ಲಿ ಕನ್ಯೆಯರು ಏಲಕ್ಕಿ, ಲವಂಗ, ಕರ್ಪೂರಗಳ ಪರಿಮಳದ ತಣ್ಣೀರೆರೆದು ದಾರಿಕಾರರ ದಣಿವಾರಿಸುವ ವರ್ಣನೆ ಅದರಲ್ಲಿದೆ. ಕೊನೆಯಲ್ಲಿ ಒಂದೇ ವಿಭಕ್ತಿ ಹತ್ತುವುದರಿಂದ ವ್ಯಾಕರಣದ ಲೆಕ್ಕಕ್ಕೆ ಅದು ಒಂದೇ ಪದ. ಆದರೆ ಅದನ್ನು ಕವಯಿತ್ರಿಯಲ್ಲದೆ ಮತ್ತೊಬ್ಬರು ಮಾತಿನಲ್ಲಿ ಬಳಸಿಯಾರೇ? ಕಾವ್ಯದಲ್ಲಿ ಅದು ಸೊಬಗು. ವ್ಯವಹಾರದಲ್ಲಿ ಅದಕ್ಕೆ ಎಡೆಯಿಲ್ಲ.

ಹಾಗಾದರೆ ಅಳತೆಗೋಲು ಯಾವುದು? ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡ ಸಂಸ್ಕೃತಗಳನ್ನು ಕಂಡಂತೆ ಬೆಸೆಯಬಾರದೆಂದು ಎಚ್ಚರಿಸಿತು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಂಥ ಅರಿಸಮಾಸವನ್ನು ದೋಷವೆಂದರೂ ಹಿಂದಿನವರ ಪ್ರಯೋಗದಲ್ಲಿ ನೆಲೆಗೊಂಡವುಗಳನ್ನು ಒಪ್ಪಿಕೊಂಡನು. ಎಂದರೆ ಶಬ್ದಕ್ಕೆ ಪ್ರಾಣ ಕೊಡುವುದು ಬಳಕೆ. ಉದ್ದವೂ ಅಲ್ಲ, ಗಿಡ್ಡವೂ ಅಲ್ಲ.

ಈ ಮಾತಿಗೆ ದೂರ ಹೋಗಬೇಕಾಗಿಲ್ಲ. ‘ಭೂಸ್ವಾಧೀನಾಧಿಕಾರಿ’ ಎಂಬುದು ಉದ್ದವೇ. ಆದರೂ ಪಟ್ಟಣದಂಚಿನ ಹಳ್ಳಿಗಳಲ್ಲಿ ಅಕ್ಷರ ಬಾರದ ರೈತನೂ ಅದನ್ನು ತಡವರಿಸದೆ ನುಡಿಯುತ್ತಾನೆ, ಹೊಲ ಹೋದ ಸಂಕಟ ಅದನ್ನು ಕಲಿಸಿರುವುದರಿಂದ. ‘ಇಷ್ಟಲಿಂಗ’ವೂ ಸಮಾಸವೇ, ಎದೆಯ ಮೇಲೆ ಧರಿಸಿದವರಿಗೆ ಅದು ಬಿಡಿಸಿ ನೋಡುವ ಸಮಾಸವಾಗಿ ಉಳಿದಿಲ್ಲ. ಇನ್ನು ಶರಣರು ಅತ್ಯಂತ ಗಹನವಾದುದನ್ನು ಹೇಳಲು ಆರಿಸಿಕೊಂಡ ‘ಅರಿವು’, ‘ಕುರುಹು’, ‘ಬಯಲು’ಗಳು ಮೂರಕ್ಷರ ಮೀರಲಿಲ್ಲ.

ಆದುದರಿಂದ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳ ಆಟವನ್ನು ತಡೆಯಬೇಡಿರಿ; ನಾಲಗೆಗೆ ಅದೂ ಒಂದು ಸಾಧನೆ. ಆದರೆ ‘ಇದರ ಅರ್ಥವೇನು? ಇದನ್ನು ಯಾರಿಗೆ, ಯಾವಾಗ ಹೇಳುತ್ತೀ?’ ಎಂದು ಮರೆಯದೆ ಕೇಳಿರಿ. ಅಜ್ಜಿಗೆ ತಿಳಿಯುವಂತೆ ಬಿಡಿಸಿ ಹೇಳಬಲ್ಲ ಮಗುವೇ ಆ ಶಬ್ದವನ್ನು ನಿಜವಾಗಿ ಕಲಿತಂತೆ. ಅರವಟ್ಟಿಗೆಯನ್ನು 195 ಅಕ್ಷರಗಳಲ್ಲಿ ವರ್ಣಿಸಬಹುದು. ಅಲ್ಲಿಗೆ ಬಾಯಾರಿ ಬಂದವನು ಕೇಳುವುದು ‘ನೀರು’ ಎಂಬ ಎರಡೇ ಅಕ್ಷರ.